ಒಂದು ಯೂನಿಟ್ ಕರೆಂಟಿಗೆ ನಿಜವಾಗಿ ಎಷ್ಟು?

ಕರ್ನಾಟಕದಲ್ಲಿ ಮನೆ ಬಳಕೆಯ ವಿದ್ಯುತ್ತಿಗೆ 2025–26ನೇ ಸಾಲಿನ ದರ ಯೂನಿಟ್‌ಗೆ ₹5.80. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) 2025ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದಲ್ಲಿರುವುದು ಇದೇ. ಆದರೆ 3 ಕಿಲೋವ್ಯಾಟ್ ಲೋಡಿನ, 150 ಯೂನಿಟ್ ಉರಿಸಿದ ಮನೆಯವರು ಬಿಲ್ಲಿನ ಮೊತ್ತವನ್ನು 150ರಿಂದ ಭಾಗಿಸಿ ನೋಡಲಿ, ಯೂನಿಟ್‌ಗೆ ಒಂಬತ್ತೂವರೆ ರೂಪಾಯಿ ದಾಟಿರುತ್ತದೆ. ಅದೇ ಲೋಡಿನ, ಬರೀ 60 ಯೂನಿಟ್ ಉರಿಸಿದ ಮನೆಗೆ ಅದು ಹದಿನಾಲ್ಕರ ಹತ್ತಿರ ಬರುತ್ತದೆ. ಕಡಿಮೆ ಉರಿಸಿದವರಿಗೇ ಯೂನಿಟ್ ದುಬಾರಿ! ಇದು ಮೀಟರಿನ ದೋಷವಲ್ಲ, ಬಿಲ್ಲಿನ ಲೆಕ್ಕವೇ ಹಾಗಿದೆ. ಆ ಲೆಕ್ಕ ತಿಳಿದರೆ ಎಲ್ಲಿ ಉಳಿತಾಯವಿದೆ, ಪ್ರೀಪೇಯ್ಡ್ ರಿಯಾಯಿತಿಯಿಂದ ಎಷ್ಟು ಸಿಗುತ್ತದೆ ಎಂಬುದೂ ತಿಳಿಯುತ್ತದೆ.

ಯೂನಿಟ್ ಎಂದರೆ

1,000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ವ್ಯಾಟ್ ಎಷ್ಟಿದೆ ಎಂಬುದರಷ್ಟೇ ಮುಖ್ಯ ಅದು ಎಷ್ಟು ಹೊತ್ತು ನಡೆಯುತ್ತದೆ ಎಂಬುದು. 750 ವ್ಯಾಟ್‌ನ ಮಿಕ್ಸಿ ಎಷ್ಟೇ ಅಬ್ಬರಿಸಿದರೂ ಚಟ್ನಿಗೆ, ಮಸಾಲೆಗೆ ಎಂದು ದಿನಕ್ಕೆ ಹತ್ತು ನಿಮಿಷ ತಿರುಗಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ. ಸದ್ದಿಲ್ಲದೆ ದಿನಕ್ಕೆ 15 ಗಂಟೆ ತಿರುಗುವ 75 ವ್ಯಾಟ್‌ನ ಸೀಲಿಂಗ್ ಫ್ಯಾನ್ ತಿಂಗಳಿಗೆ 34 ಯೂನಿಟ್ ತಿನ್ನುತ್ತದೆ.

ಬಿಲ್ಲಿನೊಳಗೆ ಏನಿದೆ?

3 ಕಿಲೋವ್ಯಾಟ್ ಲೋಡ್ ಮಂಜೂರಾದ, 150 ಯೂನಿಟ್ ಉರಿಸಿದ, ಗೃಹಜ್ಯೋತಿಯ ಉಚಿತ ವಿದ್ಯುತ್ ಇಲ್ಲದ ಒಂದು ಮನೆಯ ಬಿಲ್ಲನ್ನು 2025–26ರ ದರದಲ್ಲಿ ಬಿಡಿಸೋಣ; ಮುಂದಿನ ಲೆಕ್ಕಗಳೂ ಅದೇ ದರದವು.

ಮೊದಲನೆಯದು ನಿಗದಿತ ಶುಲ್ಕ. ಕಿಲೋವ್ಯಾಟ್‌ಗೆ ₹145ರಂತೆ ಮೂರಕ್ಕೆ ₹435. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದನ್ನು ಕಟ್ಟಲೇಬೇಕು. ಎರಡನೆಯದು ಬಳಕೆಯ ಶುಲ್ಕ: 150 ಯೂನಿಟ್‌ಗೆ ₹5.80ರಂತೆ ₹870. ಮೂರನೆಯದು ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆಯ ಸರ್ಚಾರ್ಜ್: ₹54. ನಾಲ್ಕನೆಯದು ಸರ್ಕಾರದ ಶೇ 9ರ ತೆರಿಗೆ: ಬಳಕೆಯ ಶುಲ್ಕದ ಮೇಲೆ ₹78.30. ಎಲ್ಲ ಕೂಡಿದರೆ ₹1,437.30. ಇದರ ಜೊತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ಬಿಲ್ಲಿನಲ್ಲಿರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಇಲ್ಲಿ ಸೇರಿಸಿಲ್ಲ.

ಈಗ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು. ಒಟ್ಟು ಬಿಲ್ಲನ್ನು ಭಾಗಿಸಿದರೆ ಯೂನಿಟ್‌ಗೆ ₹9.58, ಇದು ಸರಾಸರಿ. ಆದರೆ ಒಂದು ಯೂನಿಟ್ ಕಡಿಮೆ ಉರಿಸಿದರೆ ಉಳಿಯುವುದು ಬಳಕೆಯ ಶುಲ್ಕ, ಸರ್ಚಾರ್ಜ್, ತೆರಿಗೆ ಸೇರಿ ₹6.68 ಮಾತ್ರ. ಉಳಿತಾಯದ ಲೆಕ್ಕವನ್ನೆಲ್ಲ ಈ ₹6.68ರಲ್ಲೇ ಹಾಕಬೇಕು. ಇನ್ವರ್ಟರ್ ಎಸಿ, ಹೊಸ ಫ್ರಿಜ್ ಮಾರುವವರು ‘ಇಷ್ಟು ವರ್ಷದಲ್ಲಿ ದುಡ್ಡು ವಾಪಸ್’ ಎಂದಾಗ ಯಾವ ದರದಲ್ಲಿ ಲೆಕ್ಕ ಹಾಕಿದ್ದಾರೆ ಎಂದು ಕೇಳಿ ನೋಡಿ.

ಹಳೆಯ ಒಂದು ನಂಬಿಕೆಯನ್ನೂ ಇಲ್ಲಿ ಬಿಡಬೇಕು. 2023–24ರಲ್ಲಿ 100 ಯೂನಿಟ್‌ವರೆಗೆ ₹4.75 ಇತ್ತು, ನೂರು ದಾಟಿದರೆ ಎಲ್ಲ ಯೂನಿಟ್‌ಗೂ ₹7. ಹಾಗಾಗಿ ನೂರರೊಳಗೆ ನಿಲ್ಲಿಸಲು ಜನ ಹೆಣಗುತ್ತಿದ್ದರು. 2024ರ ಏಪ್ರಿಲ್‌ನಿಂದ ಮನೆಗಳಿಗೆ ಸ್ಲ್ಯಾಬ್ ಇಲ್ಲ. ಮೊದಲ ಯೂನಿಟ್‌ಗೂ ಮುನ್ನೂರನೆಯ ಯೂನಿಟ್‌ಗೂ ಒಂದೇ ದರ.

ಗೃಹಜ್ಯೋತಿ ಮನೆಗಳ ಲೆಕ್ಕ ಬೇರೆ

2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯಲ್ಲಿ ‘200 ಯೂನಿಟ್ ಉಚಿತ’ ಎಂಬುದು ಗರಿಷ್ಠ ಮಿತಿ, ಎಲ್ಲರಿಗೂ ಸಿಗುವ ಪ್ರಮಾಣವಲ್ಲ. 2022–23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ನಿಮ್ಮ ಅರ್ಹತೆ. ತೀರಾ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ಮಾರ್ಪಾಡು ಆಮೇಲೆ ಬಂತು. ಅರ್ಹತೆಯೊಳಗಿದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚುವರಿ ಬಳಕೆಗೆ ಮಾತ್ರ ಬಿಲ್. 200 ದಾಟಿದರೆ ಪೂರ್ತಿ ಬಿಲ್.

200 ಯೂನಿಟ್‌ನ ಪೂರ್ಣ ಅರ್ಹತೆ ಇರುವ, 3 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 200 ಉರಿದರೆ ಸೊನ್ನೆ; 201 ಉರಿದರೆ ಸುಮಾರು ₹1,778. ಆ ಒಂದು ಯೂನಿಟ್‌ನ ಬೆಲೆ ಅಷ್ಟು! ಅರ್ಹತೆ 90 ಇದ್ದು 80 ಉರಿಸುವ ಮನೆಯಲ್ಲಿ ಮತ್ತೆ ಹತ್ತು ಉಳಿಸಿದರೆ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿ ಈ ಮನೆಗಳವರು ತಿಂಗಳ ಮೂರನೇ ವಾರದಲ್ಲಿ ಒಮ್ಮೆ ಮೀಟರ್ ನೋಡಿ, ಹಿಂದಿನ ಬಿಲ್ಲಿನ ರೀಡಿಂಗ್ ಕಳೆದು, ಮಿತಿಗೆ ಎಷ್ಟು ಹತ್ತಿರ ಇದ್ದೇವೆಂದು ತಿಳಿದುಕೊಳ್ಳುವುದು ಲಾಭ.

ಪ್ರೀಪೇಯ್ಡ್: ಸಿಗುವುದೆಷ್ಟು?

ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೊಸ ಸಂಪರ್ಕಗಳಿಗೆ ಪ್ರೀಪೇಯ್ಡ್ ಮೀಟರ್ ಎಂದು ಹೇಳುತ್ತವೆ. 2025ರಲ್ಲಿ ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಅಳವಡಿಸಲು ಶುರು ಮಾಡಿತು. ಮೊದಲೇ ದುಡ್ಡು ಹಾಕಿದರೆ ರಿಯಾಯಿತಿ ಎಂಬ ಮಾತು ಅಲ್ಲಿಂದ ಹೆಚ್ಚಾಗಿ ಕೇಳುತ್ತಿದೆ.

ಉತ್ತರಪ್ರದೇಶದಲ್ಲಿ ಪ್ರೀಪೇಯ್ಡ್ ಗ್ರಾಹಕರಿಗೆ ಶೇ 2ರ ರಿಯಾಯಿತಿ ಇದೆ. ನಮ್ಮ ₹1,437ರ ಬಿಲ್ಲಿಗೆ ಅಷ್ಟೇ ಸಿಕ್ಕಿತು ಎಂದಿಟ್ಟುಕೊಳ್ಳಿ, ₹29 ಆಯಿತು. ಅಂದರೆ ನಾಲ್ಕೂಚಿಲ್ಲರೆ ಯೂನಿಟ್ ಉಳಿಸಿದಷ್ಟು. ಕೆಇಆರ್‌ಸಿ ದರ ಆದೇಶಗಳಲ್ಲಿ ಇರುವುದು ಮುಂಗಡ ಪಾವತಿಯ ರಿಯಾಯಿತಿ: ₹1,000 ಮೀರಿದ ಮುಂಗಡಕ್ಕೆ, ಹಾಗೆಯೇ ಬ್ಯಾಂಕ್ ಖಾತೆಯಿಂದ ತಾನಾಗಿ ಪಾವತಿಯಾಗುವ ಇಸಿಎಸ್ ಮೂಲಕ ಕಟ್ಟುವ ಬಿಲ್ಲಿಗೆ ಶೇ 0.25. ನಮ್ಮ ಬಿಲ್ಲಿಗೆ ಅದು ₹3.59. ಬಿಲ್ ತಡವಾದರೆ ಬೀಳುವ ಬಡ್ಡಿ ತಿಂಗಳಿಗೆ ಶೇ 1, ಅಂದರೆ ₹14ಕ್ಕೂ ಹೆಚ್ಚು. ರಿಯಾಯಿತಿ ಹುಡುಕುವುದಕ್ಕಿಂತ ಗಡುವು ತಪ್ಪಿಸದಿರುವುದೇ ನಾಲ್ಕು ಪಟ್ಟು ಲಾಭ.

ಹಾಗಾದರೆ ಪ್ರೀಪೇಯ್ಡ್‌ನಿಂದ ಪ್ರಯೋಜನವೇ ಇಲ್ಲವೇ? ಎರಡಿವೆ. ಒಂದು ಠೇವಣಿ. ಪೋಸ್ಟ್‌ಪೇಯ್ಡ್ ಗ್ರಾಹಕರು ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಭದ್ರತಾ ಠೇವಣಿ ಇಟ್ಟಿರಬೇಕು. ಬಳಕೆ ಏರಿದಾಗ ‘ಹೆಚ್ಚುವರಿ ಠೇವಣಿ ಕಟ್ಟಿ’ ಎಂದು ನೋಟಿಸ್ ಬರುವುದು ಇದಕ್ಕೇ. ಪ್ರೀಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಠೇವಣಿ ಕೇಳುವಂತಿಲ್ಲ ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಮೇಲಿನ ಮನೆಗೆ ಸುಮಾರು ₹2,900 ಕೈಯಲ್ಲೇ ಉಳಿಯುತ್ತದೆ. ಆದರೆ ಇಟ್ಟ ಠೇವಣಿಗೆ ಕಂಪನಿ ಬಡ್ಡಿಯನ್ನೂ ಕೊಡುತ್ತದೆ, ಆದ್ದರಿಂದ ಇದನ್ನು ಪೂರ್ತಿ ಲಾಭವೆಂದು ಎಣಿಸುವಂತಿಲ್ಲ.

ಎರಡನೆಯದು, ಮತ್ತು ದೊಡ್ಡದು, ದಿನದ ಲೆಕ್ಕ ಕಣ್ಣಿಗೆ ಬೀಳುವುದು. ನಿನ್ನೆ ಒಂಬತ್ತು ಯೂನಿಟ್ ಹೋಯಿತೆಂದು ಇವತ್ತೇ ಗೊತ್ತಾದರೆ ಕಾರಣ ಹುಡುಕಬಹುದು. ತಿಂಗಳಾದ ಮೇಲೆ ಬರುವ ಬಿಲ್ಲಿನಲ್ಲಿ ಯಾವ ದಿನ ಏನಾಯಿತೆಂದು ಹೇಗೆ ಹುಡುಕುವುದು?

ಒಂದು ಎಚ್ಚರಿಕೆ. ಪ್ರೀಪೇಯ್ಡ್ ಮೀಟರ್ ಮೊಬೈಲ್ ರೀಚಾರ್ಜಿನಂತೆ, ಬಳಸಿದರೆ ಮಾತ್ರ ಖರ್ಚು ಎಂದುಕೊಳ್ಳಬೇಡಿ. ನಿಗದಿತ ಶುಲ್ಕವನ್ನೂ ದಿನಕ್ಕೆ ಹಂಚಿ ಕಳೆಯಲಾಗುತ್ತದೆ. 3 ಕಿಲೋವ್ಯಾಟ್ ಮನೆಗೆ ಅದು ದಿನಕ್ಕೆ ₹14.50. ಬೇಸಿಗೆ ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ಅಷ್ಟು ದಿನಕ್ಕೆ ಆಗುವಷ್ಟು ದುಡ್ಡು ಮೀಟರಿನಲ್ಲಿ ಹಾಕಿಟ್ಟೇ ಹೋಗಬೇಕು, ಇಲ್ಲದಿದ್ದರೆ ಸಂಪರ್ಕ ಕಡಿತವಾಗಿ ಫ್ರಿಜ್ಜಿನಲ್ಲಿದ್ದದ್ದೆಲ್ಲ ಹಾಳು. ಇನ್ನು ಕೈಯಿಂದ ಸುಮಾರು ₹5,000 ಹಾಕಿ ಸಿಂಗಲ್ ಫೇಸ್ ಸ್ಮಾರ್ಟ್ ಮೀಟರ್ ಕೊಳ್ಳಬೇಕಾದಲ್ಲಿ ತಿಂಗಳ ಮೂರೂವರೆ ರೂಪಾಯಿಯ ರಿಯಾಯಿತಿ ಅದನ್ನು ಎಂದಿಗೂ ತುಂಬಿಕೊಡುವುದಿಲ್ಲ.

ದುಡ್ಡು ನಿಜವಾಗಿ ಉಳಿಯುವ ಕಡೆ

*ಮಂಜೂರಾದ ಲೋಡ್:* ಮನೆ ಕಟ್ಟುವಾಗ ‘ಇರಲಿ’ ಎಂದು 5 ಕಿಲೋವ್ಯಾಟ್ ಬರೆಸಿದವರು ಅನೇಕರು. ಒಂದು ಕಿಲೋವ್ಯಾಟ್ ಇಳಿಸಿದರೆ ವರ್ಷಕ್ಕೆ ₹1,740 ಉಳಿತಾಯ. ಬಿಲ್ಲಿನಲ್ಲಿ ಅಥವಾ ಮೀಟರಿನಲ್ಲಿ ‘ಎಂಡಿ’ ಎಂದು ಕಾಣುವುದು ಆ ತಿಂಗಳ ಗರಿಷ್ಠ ಬೇಡಿಕೆ. ಬೇಸಿಗೆಯೂ ಸೇರಿ ವರ್ಷವಿಡೀ ಅದು 2 ಕಿಲೋವ್ಯಾಟ್‌ನ ಕೆಳಗೇ ಇದ್ದರೆ ಲೋಡ್ ಇಳಿಸಲು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಗೀಸರ್, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟರ್ ಮೂರೂ ಒಟ್ಟಿಗೆ ಹಾಕುವ ಮನೆಯಾದರೆ ಈ ಗೋಜಿಗೆ ಹೋಗಬೇಡಿ.

*ಫ್ಯಾನ್:* 75 ವ್ಯಾಟ್‌ನ ಹಳೆಯದರ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 15 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 20 ಯೂನಿಟ್, ಅಂದರೆ ₹135 ಉಳಿತಾಯ. ಎಲ್ಲ ಕೋಣೆಗೂ ಬೇಡ, ಹೆಚ್ಚು ಹೊತ್ತು ತಿರುಗುವ ಕೋಣೆಯಿಂದ ಶುರು ಮಾಡಿ.

*ಗೀಸರ್:* 2,000 ವ್ಯಾಟ್‌ನದು ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಮುಗಿಸುತ್ತದೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಕಾದ ಮೇಲೆ ಆರಿಸಿ, ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ.

*ಸೆಟ್‌ಟಾಪ್ ಬಾಕ್ಸ್:* ರಿಮೋಟಿನಲ್ಲಿ ಆರಿಸಿದರೂ 10 ವ್ಯಾಟ್ ಎಳೆಯುವಂಥದ್ದಾದರೆ ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿ. ಮುಂಗಡ ಪಾವತಿಯಿಂದ ಬರುವ ಮೂರೂವರೆ ರೂಪಾಯಿಯ ಹತ್ತುಪಟ್ಟಿಗಿಂತ ಹೆಚ್ಚು ಇಲ್ಲೇ ಸಿಕ್ಕಿತು.

ಯಾವುದು ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಸ್ಮಾರ್ಟ್ ಮೀಟರೇ ಬೇಕೆಂದಿಲ್ಲ. ಈಗಿನ ಡಿಜಿಟಲ್ ಮೀಟರಿನ ಮೇಲೆ ಮಿನುಗುವ ಕೆಂಪು ದೀಪವಿದೆ. ಯೂನಿಟ್‌ಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. 3,200 ಎಂದಿದ್ದು, ಒಂದು ಉಪಕರಣ ಮಾತ್ರ ಹಾಕಿದಾಗ ನಿಮಿಷಕ್ಕೆ 32 ಸಲ ಮಿನುಗಿದರೆ, ಗಂಟೆಗೆ 1,920 ಮಿನುಗು. ಆ ಉಪಕರಣ 600 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ಏನೋ ಉರಿಯುತ್ತಿದೆ ಅಥವಾ ವೈರಿಂಗ್‌ನಲ್ಲಿ ಸೋರಿಕೆ ಇದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಕೆಲಸದ ಕ್ರಮ ಇಷ್ಟು: ಮೊದಲು ಲೋಡ್ ನೋಡಿ, ಆಮೇಲೆ ಹೆಚ್ಚು ಹೊತ್ತು ನಡೆಯುವ ಉಪಕರಣ, ಬಿಲ್ಲನ್ನು ಗಡುವಿನೊಳಗೆ ಕಟ್ಟಿ. ರಿಯಾಯಿತಿ ಕೊನೆಗೆ ಬರಲಿ. ಹೊಸ ಸಂಪರ್ಕದ ಜೊತೆ ಪ್ರೀಪೇಯ್ಡ್ ಮೀಟರ್ ಬಂದರೆ ಹಿಂಜರಿಯಬೇಡಿ, ದಿನದ ಲೆಕ್ಕ ನೋಡುವ ರೂಢಿ ಮಾಡಿಕೊಳ್ಳಿ. ರಿಯಾಯಿತಿಯ ಆಸೆಗೆಂದೇ ಚೆನ್ನಾಗಿರುವ ಮೀಟರ್ ಬದಲಿಸುವ ಅಗತ್ಯವಿಲ್ಲ.