ಅಂಕ ಒಂದೇ, ಅಂದ ಬೇರೆ

ಅಮೆರಿಕದ ಹರಾಜುಗಳಲ್ಲಿ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ 1952ರ ಕಾರ್ಡುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಎರಡು ಕಾರ್ಡು ಅಂಕ ಕೊಡುವ (ಗ್ರೇಡಿಂಗ್) ಒಂದೇ ಸಂಸ್ಥೆಯ ಪ್ಲಾಸ್ಟಿಕ್ ಕವಚದಲ್ಲಿರುತ್ತವೆ, ಎರಡರ ತಲೆಯ ಮೇಲಿನ ಚೀಟಿಯಲ್ಲೂ ಒಂದೇ ಅಂಕವಿರುತ್ತದೆ. ಆದರೂ ಒಂದಕ್ಕೆ ಜನ ಮುಗಿಬೀಳುತ್ತಾರೆ, ಇನ್ನೊಂದನ್ನು ಕೇಳುವವರು ಕಡಿಮೆ. ಚೀಟಿ ಹೇಳದ ಯಾವುದೋ ಸಂಗತಿ ಕೊಳ್ಳುವವನ ಕಣ್ಣಿಗೆ ಬಿದ್ದಿರುತ್ತದೆ. ಸಂಗ್ರಾಹಕರು ಅದನ್ನು ‘ಐ ಅಪೀಲ್’ ಎನ್ನುತ್ತಾರೆ. ನೋಡಿದ ಕೂಡಲೇ ಕಣ್ಣಿಗೆ ಹಿಡಿಸುವ ಗುಣ ಅದು. ಕಾರ್ಡಿನ ಗುಣಮಟ್ಟವನ್ನು ಅಂಕಿಯಲ್ಲಿ ಹಿಡಿದಿಡುವ ಪದ್ಧತಿ ಶುರುವಾಗಿ ಮೂರು ದಶಕ ಕಳೆದಿದ್ದರೂ ಕೊನೆಯ ಮಾತು ಮತ್ತೆ ಕಣ್ಣಿನ ಪಾಲಿಗೇ ಬಂದಿದೆ. ಇದು ಹೇಗಾಯಿತು ಎಂಬುದೇ ಒಂದು ಸ್ವಾರಸ್ಯದ ಕಥೆ.

ಗೋಂದು ಹಚ್ಚಿ ಅಂಟಿಸಿದ ಕಾಲ

ಬೇಸ್‌ಬಾಲ್ ಕಾರ್ಡುಗಳಿಗೆ ಮೊದಲು ಸ್ವತಂತ್ರ ಬೆಲೆಯೇ ಇರಲಿಲ್ಲ. ಸಿಗರೇಟು ಪ್ಯಾಕಿನೊಳಗೆ ಗಟ್ಟಿ ಕಾಗದದ ಚಿತ್ರವೊಂದನ್ನು ಇಟ್ಟರೆ ಗಿರಾಕಿ ಮತ್ತೆ ಅದೇ ಪ್ಯಾಕು ಕೊಳ್ಳುತ್ತಾನೆ ಎಂಬುದು ತಂಬಾಕು ಕಂಪನಿಗಳ ಲೆಕ್ಕಾಚಾರ. ಮುಂದೆ ಆ ಜಾಗಕ್ಕೆ ಬಬಲ್‌ಗಮ್ ಬಂತು. ಕಾರ್ಡು ಮಕ್ಕಳ ಕೈ ಸೇರಿತು. ಅವರು ಅದನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರು, ಗೋಡೆಗೆಸೆದು ಆಡಿದರು, ಟಪಟಪ ಸದ್ದು ಬರಲೆಂದು ಸೈಕಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಸಿದರು.

ದೊಡ್ಡವರ ಸಂಗ್ರಹದ್ದೂ ಬೇರೆ ಕಥೆಯೇನಲ್ಲ. ಈ ಹವ್ಯಾಸಕ್ಕೆ ಶಿಸ್ತು ತಂದವರು ಜೆಫರ್ಸನ್ ಬರ್ಡಿಕ್. ಕಾರ್ಡುಗಳನ್ನು ವರ್ಗೀಕರಿಸಿ ಪಟ್ಟಿ ಮಾಡಿದವರು ಅವರೇ. ಒಂದು ತಂಬಾಕು ಕಾರ್ಡು ಸರಣಿಗೆ ಇಂದಿಗೂ ಎಲ್ಲರೂ ಬಳಸುವ ‘ಟಿ206’ ಎಂಬ ಹೆಸರು ಅವರದೇ ಪಟ್ಟಿಯಿಂದ ಬಂದದ್ದು. ತಮ್ಮ ಮೂರು ಲಕ್ಷಕ್ಕೂ ಹೆಚ್ಚಿನ ಸಂಗ್ರಹವನ್ನು ಬರ್ಡಿಕ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ವರ್ಷಗಟ್ಟಲೆ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. ಕೆಲಸ ಮುಗಿದದ್ದು 1963ರ ಜನವರಿಯಲ್ಲಿ, ಅವರು ತೀರಿಕೊಂಡದ್ದು ಅದೇ ವರ್ಷದ ಮಾರ್ಚಿನಲ್ಲಿ. ಇಂದಿನ ಗ್ರೇಡಿಂಗ್ ಮೇಜಿನ ಮೇಲೆ ಹಿಂಬದಿಗೆ ಗೋಂದು ಮೆತ್ತಿದ ಕಾರ್ಡಿಗೆ ಬೀಳುವ ಅಂಕ ತೀರಾ ಕಡಿಮೆ. ಬರ್ಡಿಕ್ಕರಿಗೆ ಮುಖ್ಯವಾಗಿದ್ದದ್ದು ಸಂಗ್ರಹ ಪೂರ್ತಿಯಾಗುವುದು. ಮೂಲೆ ಚೂಪಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಅವರ ಕಾಲದ್ದಲ್ಲ.

ನಾಣ್ಯದಿಂದ ಬಂದ ಅಳತೆಗೋಲು

1980ರ ದಶಕದಲ್ಲಿ ಹಳೆಯ ಕಾರ್ಡುಗಳಿಗೆ ಹಣ ಹರಿಯತೊಡಗಿತು. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಕೆಟ್ ಹೊರತಂದ ದರಪಟ್ಟಿಗಳು ಹವ್ಯಾಸವನ್ನು ಮಾರುಕಟ್ಟೆಯಾಗಿಸಿದವು. ಅಲ್ಲಿಂದಲೇ ತಂಟೆಯೂ ಶುರು. ಮಾರುವವನ ಬಾಯಲ್ಲಿ ‘ಮಿಂಟ್’, ಅಂದರೆ ಹೊಚ್ಚಹೊಸದು, ಆಗಿದ್ದದ್ದು ಕೊಂಡವನ ಮನೆಗೆ ಬರುವಷ್ಟರಲ್ಲಿ ಸಾಧಾರಣ ಮಾಲಾಗಿರುತ್ತಿತ್ತು. ಅಂಚೆಯಲ್ಲಿ ಕೊಳ್ಳುವವರಿಗಂತೂ ನಂಬಿಕೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಪರಿಹಾರ ಸಿಕ್ಕಿದ್ದು ನಾಣ್ಯ ಸಂಗ್ರಾಹಕರ ಬಳಿ. ವಿಲಿಯಂ ಶೆಲ್ಡನ್ 1949ರಲ್ಲೇ ಅಮೆರಿಕದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆ 1ರಿಂದ 70ರವರೆಗಿನ ಅಳತೆಗೋಲು ಮಾಡಿದ್ದರು. 1986ರಲ್ಲಿ ಡೇವಿಡ್ ಹಾಲ್ ಮತ್ತು ಸಂಗಡಿಗರು ಪಿಸಿಜಿಎಸ್ ಎಂಬ ಸಂಸ್ಥೆ ಕಟ್ಟಿ, ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡತೊಡಗಿದರು. ಅದೇ ಉಪಾಯ 1991ರಲ್ಲಿ ಪಿಎಸ್‌ಎ ಎಂಬ ಹೆಸರಿನಲ್ಲಿ ಕಾರ್ಡುಗಳಿಗೂ ಬಂತು. ಇಲ್ಲಿ ಅಂಕ 1ರಿಂದ 10. ಕೊಡುವವನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ಮೂರನೆಯವನು. ಬಳಿಕ 1998ರಲ್ಲಿ ಎಸ್‌ಜಿಸಿ, 1999ರಲ್ಲಿ ಬೆಕೆಟ್ ಕೂಡ ಇದೇ ಕೆಲಸಕ್ಕೆ ಇಳಿದವು.

ಪರೀಕ್ಷೆಯ ವಿಷಯಗಳು ಮುಖ್ಯವಾಗಿ ನಾಲ್ಕು: ಚಿತ್ರ ನಡುವೆ ಕೂತಿರುವ ಪರಿ, ಮೂಲೆಗಳು, ಅಂಚುಗಳು, ಮೇಲ್ಮೈ. ಚಿತ್ರ ಎಷ್ಟು ನಡುವೆ ಇದೆ ಎಂಬುದನ್ನು ಎದುರುಬದುರಿನ ಅಂಚುಗಳ ಅನುಪಾತದಲ್ಲಿ ಹೇಳುತ್ತಾರೆ. ಎಡಬಲ ಸರಿಸಮವಿದ್ದರೆ 50/50. ಪಿಎಸ್‌ಎಯಲ್ಲಿ ಹತ್ತಕ್ಕೆ ಹತ್ತು ಸಿಗಲು ಮುಂಬದಿ 60/40ರೊಳಗಿದ್ದರೆ ಬಹುಕಾಲ ಸಾಕಾಗುತ್ತಿತ್ತು. ಈಚೆಗೆ ಅದನ್ನು 55/45ಕ್ಕೆ ಬಿಗಿಮಾಡಿದ್ದಾರೆ.

ಅಂಕದಿಂದ ಆದ ಅನುಕೂಲ ದೊಡ್ಡದು. ಕಾರ್ಡನ್ನು ಕಣ್ಣಾರೆ ಕಾಣದೆಯೂ ಸಾವಿರ ಮೈಲಿ ದೂರದಿಂದ ಕೊಳ್ಳುವುದು ಸಾಧ್ಯವಾಯಿತು. ನೋಡುವ ಕಷ್ಟ ತಪ್ಪಿಸುವುದೇ ಅದರ ಉದ್ದೇಶವಾಗಿತ್ತು.

ಕತ್ತರಿಸಿದ ಚೆಲುವು

ಪಿಎಸ್‌ಎ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು ಪಿಟ್ಸ್‌ಬರ್ಗ್ ಪೈರೇಟ್ಸ್ ಆಟಗಾರ ಹೋನಸ್ ವ್ಯಾಗ್ನರ್‌ನದು. 1909ರಿಂದ 1911ರ ನಡುವೆ ತಂಬಾಕಿನ ಜೊತೆ ಬಂದ ಟಿ206 ಸರಣಿಯಲ್ಲಿ ಅವನ ಕಾರ್ಡನ್ನು ಬೇಗನೆ ನಿಲ್ಲಿಸಿದ್ದರಿಂದ ಉಳಿದಿರುವ ಪ್ರತಿಗಳು ತೀರಾ ಕಡಿಮೆ. ಅವುಗಳಲ್ಲಿ ಒಂದು ಮಾತ್ರ ಚೂಪು ಮೂಲೆ, ನೇರ ಅಂಚುಗಳಿಂದ ಹೊಸದರಂತೆ ಹೊಳೆಯುತ್ತಿತ್ತು. ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ, ತಮ್ಮ ತಂಡದ ಮಾಲೀಕ ಬ್ರೂಸ್ ಮೆಕ್ನಾಲ್ ಜೊತೆ ಸೇರಿ, 1991ರಲ್ಲಿ ಸಾದಬೀಸ್ ಹರಾಜಿನಲ್ಲಿ ಅದನ್ನು 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಅದಕ್ಕೆ 8 ಅಂಕ ಕೊಟ್ಟಿತು. ಕೈಯಿಂದ ಕೈಗೆ ದಾಟುತ್ತ 2007ರಲ್ಲಿ ಅದು 28 ಲಕ್ಷ ಡಾಲರ್ ಮುಟ್ಟಿತು.

ಅಷ್ಟು ಚೆಂದ ಹೇಗೆ ಉಳಿಯಿತು ಎಂಬ ಅನುಮಾನ ಮೊದಲಿನಿಂದಲೂ ಇತ್ತು. 2013ರಲ್ಲಿ ಉತ್ತರ ಸಿಕ್ಕಿತು. ಆ ಕಾರ್ಡನ್ನು 1985ರಲ್ಲಿ ಕೊಂಡಿದ್ದ ಬಿಲ್ ಮಾಸ್ಟ್ರೊ, ಹರಾಜಿನಲ್ಲಿ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸಿದ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಅದರ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಹೇಳಿದ. 2015ರಲ್ಲಿ ಅವನಿಗೆ 20 ತಿಂಗಳ ಜೈಲಾಯಿತು.

ಈ ಪ್ರಕರಣದಿಂದ ಮಾರುಕಟ್ಟೆ ಎರಡು ಪಾಠ ಕಲಿಯಿತು. ಅಂಕ ಎಂಬುದು ಕೊನೆಗೂ ಮನುಷ್ಯರ ಅಭಿಪ್ರಾಯ, ಅದು ತಪ್ಪಬಹುದು. ಹಾಗೆಯೇ, ಕಣ್ಣಿಗೆ ಹಿಡಿಸಿದ್ದೆಲ್ಲ ಅಸಲಿ ಅಂದವಲ್ಲ. ಅಂಚು ಕತ್ತರಿಸುವುದು, ಮೂಲೆಗೆ ಬಣ್ಣ ಮುಟ್ಟಿಸುವುದು, ಮಡಿಕೆಯನ್ನು ಒತ್ತಿ ಮರೆಮಾಚುವುದು ಎಲ್ಲವೂ ಈ ದಂಧೆಯಲ್ಲಿ ನಡೆದಿವೆ. ಆದ್ದರಿಂದ ಗ್ರೇಡಿಂಗ್ ಸಂಸ್ಥೆಯ ಮೊದಲ ಹೊಣೆ ಕಾರ್ಡು ಅಸಲಿಯೇ, ಅದರ ಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ನೋಡುವುದು. ಚೆಲುವಿನ ಮಾತು ಆಮೇಲೆ.

ಹಾಳೆ, ಮಸಿ, ಕತ್ತಿ

ಈಗ ಮ್ಯಾಂಟಲ್ ಕಾರ್ಡಿಗೆ ಬರೋಣ. ಸಂಖ್ಯೆ 311, ಅಳತೆ ಎರಡೂ ಮುಕ್ಕಾಲು ಇಂಚಿಗೆ ತುಸು ಕಡಿಮೆ ಅಗಲ, ಮೂರೂ ಮುಕ್ಕಾಲು ಇಂಚು ಎತ್ತರ. ನೀಲಿ ಹಿನ್ನೆಲೆಯಲ್ಲಿ ಹಳದಿ ಬ್ಯಾಟು ಹಿಡಿದ ತರುಣ, ಸುತ್ತ ಬಿಳಿ ಅಂಚು. ಟಾಪ್ಸ್ ಕಂಪನಿಯ 1952ರ ಸರಣಿಯ ಈ ಕೊನೆಯ ಕಂತಿನಲ್ಲಿ ಇದ್ದದ್ದು 97 ಕಾರ್ಡು, ಅಚ್ಚಿನ ಹಾಳೆಯಲ್ಲಿ ಇದ್ದದ್ದು ನೂರು ಮನೆ. ಮಿಕ್ಕ ಮೂರು ಮನೆ ತುಂಬಲು ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್ ಮೂವರನ್ನು ಎರಡೆರಡು ಸಲ ಅಚ್ಚು ಹಾಕಿದರು. ಆದರೂ ಕಾರ್ಡು ಅಪರೂಪವಾಯಿತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವು ಎಂದು ಈ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿದ್ದರು.

ಹಾಳೆಯನ್ನು ಕತ್ತರಿಸುವಾಗ ಕತ್ತಿ ಕೂದಲೆಳೆ ಸರಿದರೂ ಚಿತ್ರ ಒಂದು ಪಕ್ಕಕ್ಕೆ ವಾಲುತ್ತದೆ. ಹಾಳೆ ಓರೆಯಾಗಿ ಕೂತರೆ ಚೌಕಟ್ಟೇ ಸೊಟ್ಟಗಾಗುತ್ತದೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳದಿದ್ದರೆ ಮುಖ ಮಸುಕಾಗುತ್ತದೆ. ನೀಲಿಯ ಮೇಲೆ ಬಿಳಿ ಚುಕ್ಕೆಗಳು ಉಳಿದರೆ ಮಂಜು ಬಿದ್ದಂತೆ ಕಾಣುತ್ತದೆ. ಇವೆಲ್ಲ ಮುದ್ರಣಾಲಯದಿಂದಲೇ ಬಂದ ಕುಂದುಗಳು. ಮಡಿಕೆ, ಸವೆತ, ಕಲೆ ಆಮೇಲೆ ಮನುಷ್ಯರು ಸೇರಿಸಿದ್ದು.

ಒಂದೇ ಅಂಕದ ಎರಡು ಕಾರ್ಡು ಬೇರೆಯಾಗುವುದು ಇಲ್ಲೇ. ಒಂದರ ಮೂಲೆಗಳು ಚೂಪು, ಆದರೆ ಚಿತ್ರ ಎಡಕ್ಕೆ ವಾಲಿ ಬಣ್ಣ ಸಪ್ಪೆಯಾಗಿದೆ. ಇನ್ನೊಂದರ ಮೂಲೆಗಳು ದುಂಡಗಾಗಿವೆ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಸಣ್ಣ ಸುಕ್ಕೊಂದು ಹಿಂಬದಿಯಲ್ಲಿದೆ, ಆದರೆ ಚಿತ್ರ ಸರಿಯಾಗಿ ನಡುವೆ ಕೂತು ನೀಲಿ ಗಾಢವಾಗಿದೆ. ಪರೀಕ್ಷೆಯಲ್ಲಿ ಇಬ್ಬರು ಹುಡುಗರಿಗೆ ಒಟ್ಟು ಅಂಕ ಒಂದೇ ಬಂದರೂ ಒಬ್ಬ ಗಣಿತದಲ್ಲಿ, ಇನ್ನೊಬ್ಬ ಇತಿಹಾಸದಲ್ಲಿ ಕಳೆದುಕೊಂಡಿರುತ್ತಾನಲ್ಲ, ಹಾಗೆ. ಅಂಕ ಎಷ್ಟು ಹೋಯಿತೆಂದು ಚೀಟಿ ಹೇಳುತ್ತದೆ, ಯಾವುದರಲ್ಲಿ ಹೋಯಿತೆಂದು ಹೇಳುವುದಿಲ್ಲ. ಗೋಡೆಗೆ ಹಾಕಿಕೊಂಡು ದಿನವೂ ನೋಡುವವನಿಗೆ ಹಿಂಬದಿಯ ಸುಕ್ಕಿಗಿಂತ ಮುಂಬದಿಯ ವಾಲುವಿಕೆಯೇ ಹೆಚ್ಚು ಚುಚ್ಚುತ್ತದೆ.

ಮ್ಯಾಂಟಲ್‌ನ ಖ್ಯಾತಿಯಲ್ಲೂ ನೋಟದ ಪಾಲಿದೆ. ಆಟಗಾರನ ಮೊದಲ ವರ್ಷದ ಕಾರ್ಡಿಗೇ ಹೆಚ್ಚು ಬೆಲೆ ಎಂಬುದು ಈ ಲೋಕದ ರೂಢಿ. ಮ್ಯಾಂಟಲ್‌ನ ಮೊದಲ ಕಾರ್ಡು 1951ರ ಬೌಮನ್ ಕಂಪನಿಯದು. ಆದರೆ ಜನ ಹುಚ್ಚೆದ್ದು ಕೊಳ್ಳುವುದು ಮರುವರ್ಷದ, ದೊಡ್ಡ ಅಳತೆಯ, ಬಣ್ಣ ತುಂಬಿದ ಟಾಪ್ಸ್ ಕಾರ್ಡನ್ನೇ. ಎಸ್‌ಜಿಸಿಯಿಂದ 9.5 ಅಂಕ ಪಡೆದ ಒಂದು ಪ್ರತಿ 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು.

ಅರ್ಧ ಅಂಕ, ಅಂಟುಚೀಟಿ

ಅಂಕದೊಳಗೆ ಹಿಡಿಸದ ಈ ವ್ಯತ್ಯಾಸವನ್ನು ಹಿಡಿಯಲು ಸಂಸ್ಥೆಗಳೂ ಪ್ರಯತ್ನಪಟ್ಟಿವೆ. ಬೆಕೆಟ್ ಸಂಸ್ಥೆ ನಾಲ್ಕು ವಿಷಯಗಳ ಅಂಕವನ್ನು ಬಿಡಿಬಿಡಿಯಾಗಿ ಚೀಟಿಯಲ್ಲಿ ಹಾಕತೊಡಗಿತು. ಪಿಎಸ್‌ಎ, ಚಿತ್ರ ವಾಲಿದ್ದರೆ ‘ಓಸಿ’, ಕಲೆಯಿದ್ದರೆ ‘ಎಸ್‌ಟಿ’ ಎಂಬ ಅಕ್ಷರಗಳನ್ನು ಅಂಕದ ಪಕ್ಕಕ್ಕೆ ಸೇರಿಸಿತು. ತನ್ನ ದರ್ಜೆಯೊಳಗೆ ಎದ್ದು ಕಾಣುವ ಕಾರ್ಡಿಗೆ 2008ರಿಂದ ಅರ್ಧ ಅಂಕ ಹೆಚ್ಚು ಕೊಡತೊಡಗಿತು. ನಿಯಮದ ಗಡಿಯಲ್ಲಿ ನಿಂತ ಕಾರ್ಡಿನ ಮಟ್ಟಿಗೆ ಒಟ್ಟಾರೆ ನೋಟವೇ ತೀರ್ಮಾನ ಮಾಡಬಹುದು ಎಂದು ಅದರ ನಿಯಮಾವಳಿಯೇ ಒಪ್ಪಿಕೊಳ್ಳುತ್ತದೆ.

ಅಷ್ಟಕ್ಕೂ ಸಮಾಧಾನವಾಗದೆ ಅಂಟುಚೀಟಿ ಬಂತು. ಇದೂ ನಾಣ್ಯ ಲೋಕದ ಕೊಡುಗೆಯೇ. ಜಾನ್ ಆಲ್ಬನೀಸ್ 2007ರಲ್ಲಿ ಕಟ್ಟಿದ ಸಿಎಸಿ ಸಂಸ್ಥೆ, ಈಗಾಗಲೇ ಅಂಕ ಪಡೆದ ನಾಣ್ಯವನ್ನು ಮತ್ತೊಮ್ಮೆ ನೋಡಿ, ಆ ಅಂಕಕ್ಕೆ ನಿಜವಾಗಿ ತಕ್ಕದ್ದಾಗಿದ್ದರೆ ಕವಚದ ಮೇಲೆ ಹಸಿರು ಚೀಟಿ ಹಚ್ಚತೊಡಗಿತು. ಕಾರ್ಡುಗಳಲ್ಲಿ ಪಿಡಬ್ಲ್ಯುಸಿಸಿ ಎಂಬ ಹರಾಜು ಸಂಸ್ಥೆ ತಾನು ಮಾರುವ ಕಾರ್ಡುಗಳ ಪೈಕಿ ನೋಟದಲ್ಲಿ ಮೇಲುಗೈಯಾದವಕ್ಕೆ ಚೀಟಿ ಹಚ್ಚಿತು. ಪಿಎಸ್‌ಎಯ ಆರಂಭದ ದಿನಗಳಲ್ಲಿ ಅಂಕ ಕೊಡುತ್ತಿದ್ದ ಮೈಕ್ ಬೇಕರ್ ಬೆಳ್ಳಿ, ಚಿನ್ನ, ಕಪ್ಪು ಬಣ್ಣದ ವಜ್ರದ ಗುರುತಿನ ಚೀಟಿಗಳನ್ನು ತಂದರು. ಅಂಕ ಕೊಟ್ಟವರ ಮೇಲೆ ಇನ್ನೊಬ್ಬ ಪರೀಕ್ಷಕ ಬಂದಂತಾಯಿತು.

ಈಗ ಯಂತ್ರದ ಸರದಿ. ಕೋವಿಡ್ ಕಾಲದಲ್ಲಿ ಬೇಸ್‌ಬಾಲ್, ಪೋಕೆಮಾನ್ ಕಾರ್ಡುಗಳು ಹೊಳೆಯಂತೆ ಹರಿದುಬಂದು, 2021ರ ಮಾರ್ಚಿನಲ್ಲಿ ಪಿಎಸ್‌ಎ ತನ್ನ ಬಹುತೇಕ ಸೇವೆಗಳನ್ನೇ ನಿಲ್ಲಿಸಬೇಕಾಯಿತು. ಮರುತಿಂಗಳೇ ಅದರ ಮಾತೃಸಂಸ್ಥೆ ಜೆನಮಿಂಟ್ ಎಂಬ ಕಂಪ್ಯೂಟರ್ ತಂತ್ರಜ್ಞಾನದ ಕಂಪನಿಯನ್ನು ಕೊಂಡಿತು. ಅಂಚಿನ ಅನುಪಾತ ಅಳೆಯುವುದು, ಕತ್ತರಿಸಿದ ಕಾರ್ಡನ್ನು ಪತ್ತೆಹಚ್ಚುವುದು ಯಂತ್ರಕ್ಕೆ ಒಗ್ಗುವ ಕೆಲಸ. ಆದರೆ ಪೋಕೆಮಾನ್ ಕಾರ್ಡಿನ ಹೊಳೆಯುವ ಹಾಳೆಯಲ್ಲಿ ಸುರುಳಿಯಾಕಾರದ ಮಿನುಗೊಂದು ಚಿತ್ರದ ಸರಿಯಾದ ಜಾಗಕ್ಕೆ ಬಿದ್ದಿದ್ದರೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಅದು ಕುಂದೂ ಅಲ್ಲ, ಅಂಕ ತರುವ ಗುಣವೂ ಅಲ್ಲ. ಯಾವ ಚೀಟಿಯಲ್ಲೂ ಅದಕ್ಕೆ ಜಾಗವಿಲ್ಲ.

ವ್ಯಾಗ್ನರ್ ಕಾರ್ಡಿನ ಮುಂದಿನ ಕಥೆಯೂ ಇದನ್ನೇ ಹೇಳುತ್ತದೆ. ಎಸ್‌ಜಿಸಿಯಿಂದ 3 ಅಂಕ ಪಡೆದ ಪ್ರತಿ 2021ರಲ್ಲಿ 66 ಲಕ್ಷ ಡಾಲರಿಗೆ ಮಾರಾಟವಾಯಿತು. ಮರುವರ್ಷ ಕೇವಲ 2 ಅಂಕದ ಪ್ರತಿಗೆ 72.5 ಲಕ್ಷ ಬಂತು. ಮಾರುಕಟ್ಟೆಯ ಏರಿಳಿತ, ಕಾರ್ಡಿನ ವಿರಳತೆ ಇದರಲ್ಲಿ ಸೇರಿವೆ ನಿಜ. ಆದರೂ ಹತ್ತರಲ್ಲಿ ಎರಡೇ ಅಂಕ ಬಂದ ವಸ್ತುವಿಗೆ ಅಷ್ಟು ಹಣ ಕೊಡುವವನು ಚೀಟಿಯನ್ನು ಕೊಂಡಿಲ್ಲ, ಕಾರ್ಡನ್ನು ಕೊಂಡಿದ್ದಾನೆ.

ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನೋ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳನ್ನೋ ಶಾಲೆಯ ದಿನಗಳಲ್ಲಿ ಕೂಡಿಟ್ಟವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಅವುಗಳಿಗೆ ಕೋಟಿ ಬರುತ್ತದೆಂದು ಯಾರೂ ಕನಸು ಕಾಣಬೇಕಿಲ್ಲ. ಆದರೆ ಪೆಟ್ಟಿಗೆಯಲ್ಲಿ ಸಿಕ್ಕರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅಂಚು ನೇರ ಮಾಡಲು ಹೋಗಬೇಡಿ. ಗ್ರೇಡ್ ಆದ ಕಾರ್ಡು ಕೊಳ್ಳುವ ಆಸೆಯಿದ್ದರೆ ಅಂಕವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ಚಿತ್ರ ನೋಡಿ. ಹಿಡಿಸಿದರೆ ಮಾತ್ರ ಬೆಲೆ ಕೇಳಿ.