ವಿಕಿರಣ ಚಿಕಿತ್ಸೆಯ ಅವಧಿಯಲ್ಲಿ ಆಂಟಿಆಕ್ಸಿಡೆಂಟ್ ಮಾತ್ರೆಗಳ ಸೇವನೆ: ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮದಲ್ಲಿ ಯಾರಿಗಾದರೂ ಕ್ಯಾನ್ಸರ್ ಇರುವುದು ದೃಢಪಟ್ಟಾಗ, ಆಸ್ಪತ್ರೆ, ಹಣಕಾಸು, ಪ್ರಯಾಣ ಮುಂತಾದ ವಿಷಯಗಳಿಗಾಗಿ ಕುಟುಂಬದವರು ಗ್ರಾಮ ಪಂಚಾಯಿತಿ ಸದಸ್ಯರ ಸಲಹೆ ಕೇಳುವುದುಂಟು. ಅದೇ ಸಮಯದಲ್ಲಿ ಬಂಧುಗಳೂ ನೆರೆಹೊರೆಯವರೂ ರೋಗಿಗೆ ಶಕ್ತಿ ಬರಲೆಂಬ ಸದುದ್ದೇಶದಿಂದ ವಿಟಮಿನ್ ಮಾತ್ರೆ, ಟಾನಿಕ್, ಪುಡಿಗಳನ್ನು ತಂದುಕೊಡುತ್ತಾರೆ. ಇವುಗಳಲ್ಲಿ ಹಲವು ‘ಆಂಟಿಆಕ್ಸಿಡೆಂಟ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗ ಇವುಗಳನ್ನು ವೈದ್ಯರ ಗಮನಕ್ಕೆ ತಾರದೆ ಸೇವಿಸಿದಲ್ಲಿ ಚಿಕಿತ್ಸೆಯ ಫಲವೇ ಕುಂದುವ ಸಂಭವವಿದೆ.

ಆತಂಕಕ್ಕೆ ಕಾರಣವೇನು?

ವಿಕಿರಣ ಚಿಕಿತ್ಸೆಯನ್ನು ಜನರು ‘ಕರೆಂಟ್ ಕೊಡಿಸುವುದು’ ಎನ್ನುವುದುಂಟು. ಆದರೆ ಇದರಲ್ಲಿ ವಿದ್ಯುತ್ತನ್ನು ಹಾಯಿಸುವುದಿಲ್ಲ. ಪ್ರಬಲವಾದ ಕ್ಷ-ಕಿರಣ ಅಥವಾ ಅಂತಹುದೇ ಕಿರಣಗಳನ್ನು ಗಡ್ಡೆಯ ಭಾಗಕ್ಕೆ ಹಾಯಿಸಲಾಗುತ್ತದೆ. ಈ ಕಿರಣಗಳು ಜೀವಕೋಶದಲ್ಲಿರುವ ನೀರಿನ ಅಣುಗಳನ್ನು ಒಡೆದು ‘ಮುಕ್ತ ರಾಡಿಕಲ್’ ಎಂಬ ಅಸ್ಥಿರ ಕಣಗಳನ್ನು ಉಂಟುಮಾಡುತ್ತವೆ. ಅವು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಘಾಸಿಗೊಳಿಸಿ, ಕೋಶವು ಮತ್ತೆ ವಿಭಜನೆಯಾಗದಂತೆ ತಡೆಯುತ್ತವೆ. ಆಂಟಿಆಕ್ಸಿಡೆಂಟ್‌ಗಳ ಕೆಲಸವಾದರೋ ಇದೇ ಕಣಗಳನ್ನು ನಿಷ್ಕ್ರಿಯಗೊಳಿಸುವುದು. ಆದ್ದರಿಂದ ಆರೋಗ್ಯವಂತ ಕೋಶದೊಡನೆ ಕ್ಯಾನ್ಸರ್ ಕೋಶಕ್ಕೂ ಅವು ರಕ್ಷಣೆ ನೀಡಬಹುದು.

ಅಧ್ಯಯನ ತಿಳಿಸಿದ್ದೇನು?

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ, ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 540 ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಅರ್ಧದಷ್ಟು ಮಂದಿಗೆ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಮಾತ್ರೆಗಳನ್ನೂ, ಉಳಿದವರಿಗೆ ಔಷಧವಿಲ್ಲದ ಮಾತ್ರೆಗಳನ್ನೂ ನೀಡಲಾಯಿತು. ಬೀಟಾ ಕ್ಯಾರೊಟಿನ್ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು ಬೇರೆ ಅಧ್ಯಯನಗಳಲ್ಲಿ ಕಂಡುಬಂದಿದ್ದರಿಂದ, ಅದನ್ನು ನಡುವೆಯೇ ನಿಲ್ಲಿಸಲಾಯಿತು. 2005 ಮತ್ತು 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡೂ ಮಾತ್ರೆ ಪಡೆದವರಲ್ಲಿ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮಗಳೇನೋ ಕಡಿಮೆಯಾದವು. ಆದರೆ ಮಾತ್ರೆ ಪಡೆದ ಗುಂಪಿನಲ್ಲಿ ಕ್ಯಾನ್ಸರ್ ಮರುಕಳಿಸುವ ಪ್ರಮಾಣ ಏರುವ ಸೂಚನೆ ಕಂಡಿತು. ಸಾವಿನ ಪ್ರಮಾಣವೂ ಹೆಚ್ಚಾಯಿತು. ಚಿಕಿತ್ಸೆಯ ಅವಧಿಯಲ್ಲಿಯೂ ಧೂಮಪಾನ ಬಿಡದವರಲ್ಲಿ ಈ ಹಾನಿ ಎದ್ದು ಕಂಡಿತೆಂದು 2008ರ ವರದಿ ತಿಳಿಸಿತು.

ಈ ವಿಷಯದ ಎಲ್ಲ ಅಧ್ಯಯನಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ. ಆದರೂ ಮಾತ್ರೆ ನುಂಗಿ ಹಾಯೆನಿಸಿದ ಮಾತ್ರಕ್ಕೆ ರೋಗ ಹತೋಟಿಗೆ ಬರುತ್ತಿದೆಯೆಂದು ಭಾವಿಸಲಾಗದು ಎಂಬುದು ಇದರಿಂದ ಸ್ಪಷ್ಟ. ತಂಬಾಕು ಸೇವನೆಯಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮಲ್ಲಿ ಈ ಎಚ್ಚರಿಕೆ ಅಗತ್ಯ.

ಆಹಾರಕ್ಕೆ ಅಡ್ಡಿಯಿಲ್ಲ

ಮೇಲಿನ ಮಾತು ಹಣ್ಣು, ಸೊಪ್ಪು, ತರಕಾರಿಗಳಿಗೆ ಅನ್ವಯಿಸುವುದಿಲ್ಲ. ದಿನನಿತ್ಯದ ಊಟದಲ್ಲಿ ದೊರೆಯುವುದಕ್ಕಿಂತ ಹಲವು ಪಟ್ಟು ಹೆಚ್ಚಿನ ವಿಟಮಿನ್ ಇಂತಹ ಮಾತ್ರೆಗಳಲ್ಲಿರುತ್ತದೆ. ಬಾಯಿ ಹುಣ್ಣಾದವರಿಗೆ ಮೆತ್ತಗಿನ ಅನ್ನ, ಗಂಜಿ, ಬೇಳೆಕಟ್ಟು, ಮೊಟ್ಟೆ, ಹಾಲು, ಮೊಸರು ಮೊದಲಾದ ಖಾರವಿಲ್ಲದ ಆಹಾರ ಸೂಕ್ತ.

ಸದಸ್ಯರು ಮಾಡಬಹುದಾದುದು

1. ರೋಗಿಯು ಸೇವಿಸುತ್ತಿರುವ ಎಲ್ಲ ಮಾತ್ರೆ, ಟಾನಿಕ್, ಲೇಹ್ಯ, ಕಷಾಯಗಳನ್ನು ಆಸ್ಪತ್ರೆಗೆ ಒಯ್ದು ವಿಕಿರಣ ಚಿಕಿತ್ಸಾ ವೈದ್ಯರಿಗೆ ತೋರಿಸುವಂತೆ ಕುಟುಂಬಕ್ಕೆ ತಿಳಿಸುವುದು.

2. ರಕ್ತಹೀನತೆ ಮುಂತಾದ ಕೊರತೆಗಳಿಗೆ ವೈದ್ಯರೇ ಬರೆದುಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದಂತೆ ಎಚ್ಚರಿಸುವುದು.

3. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ಚಿಕಿತ್ಸೆ ನಡೆಯುತ್ತದೆ. ನಡುವೆ ದಿನಗಳು ತಪ್ಪಿದರೆ ಫಲ ಕುಗ್ಗುತ್ತದೆ. ದುಬಾರಿ ಡಬ್ಬಿಗಳಿಗೆ ವ್ಯಯವಾಗುವ ಹಣ ಪ್ರಯಾಣ ಮತ್ತು ಊಟಕ್ಕೆ ಒದಗುವಂತೆ ಮನವೊಲಿಸುವುದು.

4. ಬೀಡಿ, ಸಿಗರೇಟು, ಗುಟ್ಕಾ ಸಂಪೂರ್ಣ ಬಿಡಲು ರೋಗಿಗೂ ಮನೆಯವರಿಗೂ ನೆರವಾಗುವುದು.

5. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ಈ ವಿಷಯವನ್ನು ಚರ್ಚಿಸುವುದು.

ರೋಗಿಗೆ ಯಾವ ಮಾತ್ರೆ ಬೇಕು, ಯಾವುದು ಬೇಡ ಎಂಬುದನ್ನು ತೀರ್ಮಾನಿಸುವವರು ಚಿಕಿತ್ಸೆ ನೀಡುತ್ತಿರುವ ವೈದ್ಯರು. ಮನೆಯಲ್ಲಿ ಸೇವಿಸುತ್ತಿರುವುದನ್ನು ಅವರಿಂದ ಮುಚ್ಚಿಡದಂತೆ ಕುಟುಂಬಗಳಿಗೆ ತಿಳಿಹೇಳಬೇಕೆಂದು ಸದಸ್ಯರನ್ನು ಕೋರಲಾಗಿದೆ.