ಮಸಿಗೆ ಒಂದೇ ಅಂಕಿ ಸಾಲದು

ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ತೊಟ್ಟು ಸಕ್ಕರೆ ನೀರು ಹಾಕಿ ಕಣ್ಣಿಟ್ಟರೆ ಅರ್ಧ ಬೆಳಕು, ಅರ್ಧ ಕತ್ತಲು. ನಡುವೆ ಚೊಕ್ಕವಾದ ಗೆರೆ. ಪೂರ್ಣ ಆಂತರಿಕ ಪ್ರತಿಫಲನ ಶುರುವಾಗುವ ಕೋನ ಅದು. ಗೆರೆ ಎಲ್ಲಿದೆ ಎಂದು ನೋಡಿದರೆ ವಕ್ರೀಭವನ ಸೂಚ್ಯಂಕ ಸಿಕ್ಕಂತೆಯೇ. ಬರೀ ನೀರಿಗೆ ಅದು 1.333.

ಗಾಢ ಬಣ್ಣದ ದ್ರಾವಣ ಹಾಕಿದಾಗ ಆ ಗೆರೆ ಕಲಸಿಹೋಗುತ್ತದೆ. ತಿರುಪು ಎಷ್ಟು ತಿರುಗಿಸಿದರೂ ಸರಿಹೋಗದು, ತಪ್ಪು ಉಪಕರಣದ್ದಲ್ಲ. ಬೆಳಕನ್ನು ಹೀರುವ ವಸ್ತುವಿನೆದುರು ಪ್ರತಿಫಲನ ಥಟ್ಟನೆ ನೂರಕ್ಕೆ ನೂರಾಗದೆ ನಿಧಾನವಾಗಿ ಏರುತ್ತದೆ. ಗಡಿ ಎಲ್ಲೆಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದು.

ಇಂಥ ವಸ್ತುವನ್ನು ವಿವರಿಸಲು ಎರಡು ಅಂಕಿ ಬೇಕು: ಬೆಳಕಿನ ವೇಗ ಎಷ್ಟು ಬದಲಾಗುತ್ತದೆಂದು ಹೇಳುವ ಎನ್, ಎಷ್ಟು ಬೇಗ ಆರಿಹೋಗುತ್ತದೆಂದು ಹೇಳುವ ಕೆ. ತೊಡಕು ಕೆ ಚಿಕ್ಕದಾದಾಗಲೇ ಹೆಚ್ಚು. 0.001 ಎಂದರೆ ನಗಣ್ಯ ಅನ್ನಿಸುತ್ತದೆ. ಆದರೆ 500 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕು ಅಂಥ ವಸ್ತುವಿನಲ್ಲಿ ಸುಮಾರು 40 ಮೈಕ್ರಾನ್, ಅಂದರೆ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರ, ಸಾಗುವಷ್ಟರಲ್ಲಿ ಮೂರನೇ ಒಂದು ಭಾಗದಷ್ಟೇ ಉಳಿದಿರುತ್ತದೆ. ಮೇಲ್ಮೈಯ ಪ್ರತಿಫಲನವನ್ನಷ್ಟೇ ಅಳೆದವರಿಗೆ ಇದರ ಸುಳಿವೂ ಸಿಗದು.

ಸರಿ, ತೆಳುಪದರದೊಳಗೆ ಬೆಳಕು ಹಾಯಿಸಿ ಕೆ ಅಳೆಯೋಣ ಎಂದರೆ ಅಲ್ಲೊಂದು ಹಳ್ಳ. ಅದೇ ಕೆ ಮತ್ತು ಎನ್ 1.5 ಇರುವ, ಒಂದು ಮೈಕ್ರಾನ್ ದಪ್ಪದ ಪದರ ಹೀರುವುದು ನೂರಕ್ಕೆ ಎರಡೂವರೆ ಪಾಲು ಮಾತ್ರ. ಎರಡು ಮೇಲ್ಮೈಗಳಿಂದ ಹಿಂದಕ್ಕೆ ಚಿಮ್ಮುವುದೇ ಸುಮಾರು ಎಂಟು ಪಾಲು. ಕಾಣೆಯಾದ ಬೆಳಕನ್ನೆಲ್ಲ ವಸ್ತುವೇ ನುಂಗಿತೆಂದು ಲೆಕ್ಕ ಬರೆದರೆ ಕೆ ನಾಲ್ಕು ಪಟ್ಟು ಹಿಗ್ಗುತ್ತದೆ. ಪದರದೊಳಗೆ ಹಿಂದುಮುಂದು ಓಡಾಡುವ ಅಲೆಗಳ ವ್ಯತಿಕರಣದ ರಗಳೆ ಬೇರೆ.

ಪಾಠಪುಸ್ತಕದ ಹೊರಗೆ ಈ ಅಳತೆಯ ತೊಡಕು ಕಾಡಿದ್ದು ಹೊಗೆಮಸಿಯ ವಿಷಯದಲ್ಲಿ. ಸಂಶೋಧಕರಾದ ಡಾಲ್ಜೆಲ್ ಮತ್ತು ಸಾರೋಫಿಮ್ 1969ರಲ್ಲಿ ಮಸಿಯನ್ನು ಒತ್ತಿ ಬಿಲ್ಲೆ ಮಾಡಿ, ಅದರ ಪ್ರತಿಫಲನದಿಂದ ಎನ್ 1.57, ಕೆ 0.56 ಎಂದು ಲೆಕ್ಕ ಹಾಕಿದರು. ದಹನವಿಜ್ಞಾನಿಗಳು ದಶಕಗಳ ಕಾಲ ಅದನ್ನೇ ಬಳಸಿದರು. ಆದರೆ ಒತ್ತಿದ ಮಸಿಯ ಒಳಗೂ ಗಾಳಿಯ ಸಂದುಗಳಿರುತ್ತವೆ. ಅಳತೆಗೆ ಸಿಗುವುದು ಇಂಗಾಲ ಮತ್ತು ಗಾಳಿ ಬೆರೆತ ಸರಾಸರಿ. ಟ್ಯಾಮಿ ಬಾಂಡ್, ರಾಬರ್ಟ್ ಬರ್ಗ್‌ಸ್ಟ್ರಾಮ್ 2006ರಲ್ಲಿ ಹಳೆಯ ಅಳತೆಗಳನ್ನೆಲ್ಲ ಜಾಲಾಡಿ, ಕಡಿಮೆ ಬೆಲೆಗಳಿಗೆ ಈ ಸಂದುಗಳೇ ಕಾರಣವಿರಬೇಕೆಂದು ವಾದಿಸಿದರು. ವಾಯುಮಂಡಲದ ಲೆಕ್ಕಾಚಾರಗಳಿಗೆ ಅವರು ಶಿಫಾರಸು ಮಾಡಿದ್ದು 1.95 ಮತ್ತು 0.79.